ಲ್ಯಾಪ್‌ಲ್ಯಾಂಡಿನಲ್ಲಿ ಜಾಗ, ಶಿವಮೊಗ್ಗದಲ್ಲಿ ಸೆಮಿನಾರ್: 28,500 ರೂಪಾಯಿ ಕೊಟ್ಟವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡು ಸ್ಟಾರ್. ಅದರಲ್ಲಿ ಒಂದು ಊಟಕ್ಕೆ. ಇನ್ನೊಂದು ಹತ್ತು ನಿಮಿಷ ವಿಡಿಯೋದಲ್ಲಿ ಬಂದು ಹೋದ ಒಬ್ಬ ಹೆಣ್ಣುಮಗಳಿಗೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ದುಡ್ಡು ವಾಪಸ್ ಕೊಡುವ ಮಾತು ಇನ್ನೂ ನಡೆಯುತ್ತಿದೆ, ಈಗ ಸುಮ್ನೆ ಕೆಣಕುವುದು ಬೇಡ.

ಸೇವೆ ಏನು ಅಂದರೆ, ನಾರ್ಡಿಕ್ ದೇಶಗಳ, ಅಂದರೆ ಫಿನ್‌ಲ್ಯಾಂಡ್, ಸ್ವೀಡನ್, ನಾರ್ವೆ ಕಡೆಯ ಹಳ್ಳಿಗಾಡಿನಲ್ಲಿ ಬಿಸಿನೆಸ್ ಮಾಡಲು, ದುಡ್ಡು ಹಾಕಲು ಏನೇನು ಅವಕಾಶ ಇದೆ ಎಂದು ತಿಳಿಸುವುದು. ಚೌತಿ ಮುಗಿದ ಮರುವಾರ, ಭಾನುವಾರ, ಶಿವಮೊಗ್ಗದ ಒಂದು ಹೋಟೆಲ್ ಹಾಲಿನಲ್ಲಿ ಅರ್ಧ ದಿನದ ಸೆಮಿನಾರ್ ಇತ್ತು. ಊಟ ಸೇರಿ 3,500 ರೂಪಾಯಿ. ಇಷ್ಟವಾದರೆ ಇನ್ನೂ 25,000 ಕೊಟ್ಟು ‘ನಿಮಗಾಗಿಯೇ ತಯಾರಿಸಿದ ರಿಪೋರ್ಟ್’ ಮತ್ತು ಒಂದು ಗಂಟೆ ವಿಡಿಯೋ ಮಾತುಕತೆ. ನನಗೆ ಇಷ್ಟವಾಯಿತು. ಕೊಟ್ಟೆ. ಹೆಂಡತಿಗೆ ಮಾತ್ರ 3,500 ಅಂತಲೇ ಹೇಳಿದ್ದೆ, ಇದನ್ನು ಓದಿದ ಮೇಲೆ ಪೂರ್ತಿ ಲೆಕ್ಕ ಗೊತ್ತಾಗುತ್ತದೆ.

ನಾನು ಯಾಕೆ ಹೋದೆ ಅನ್ನೋದನ್ನೂ ಹೇಳಬೇಕು, ಇಲ್ಲದಿದ್ದರೆ ‘ತೀರ್ಥಹಳ್ಳಿ ಕಡೆಯವನಿಗೆ ಫಿನ್‌ಲ್ಯಾಂಡ್ ಯಾಕಪ್ಪಾ’ ಎಂದು ನೀವು ಕೇಳುತ್ತೀರಿ. ಆಗುಂಬೆ ರಸ್ತೆಯಲ್ಲಿ ನಮಗೆ ಮೂರು ಎಕರೆ ಅಡಿಕೆ ತೋಟ ಇದೆ, ಎರಡು ರೂಮಿನ ಹೋಂಸ್ಟೇ ಇದೆ. ಕೊಳೆರೋಗ ನಮಗೆ ಹೊಸದಲ್ಲ, ಬೋರ್ಡೋ ದ್ರಾವಣ ಹೊಡೆದುಕೊಂಡು ಹೇಗೋ ನಿಭಾಯಿಸುತ್ತಿದ್ದೆವು. ಎಲೆಚುಕ್ಕಿ ರೋಗ ಬಂದ ಮೇಲೆ ಮಾತ್ರ ತೋಟ ನೋಡಲು ಹೋಗುವುದೇ ಬೇಜಾರು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರು ಸಿಗುವುದಿಲ್ಲ, ಸಿಕ್ಕರೆ ಮಳೆ ಬಿಡುವುದಿಲ್ಲ. ಎಲ್ಲ ದುಡ್ಡನ್ನೂ ಒಂದೇ ಮರಕ್ಕೆ ಕಟ್ಟಿಹಾಕಿ ಕೂತಿದ್ದೇವೆ ಅನ್ನೋ ಭಯ ನಮ್ಮ ಕಡೆ ಎಲ್ಲರಿಗೂ ಇದೆ. ಅಂಥ ಹೊತ್ತಿನಲ್ಲಿ ವಾಟ್ಸಾಪಿಗೆ ಒಂದು ಚಿತ್ರ ಬಂತು. ಹಿಮ, ಪೈನ್ ಕಾಡು, ಮಧ್ಯೆ ಒಂದು ಮರದ ಮನೆ, ಮೇಲೆ ಹಸಿರು ಬೆಳಕಿನ ಆಕಾಶ. ಕೆಳಗೆ ಕನ್ನಡದಲ್ಲೇ ‘ನಿಮ್ಮ ಮುಂದಿನ ತೋಟ ಇಲ್ಲಿದೆ’ ಎಂದು ಬರೆದಿತ್ತು. ಆ ಸಾಲು ಬರೆದವರಿಗೆ ನಮ್ಮವರ ನಾಡಿ ಗೊತ್ತಿದೆ.

ಹಾಲಿನಲ್ಲಿ ಅರವತ್ತು ಜನ ಇದ್ದಿರಬಹುದು. ಹೆಚ್ಚಿನವರು ತೋಟದವರು, ನಾಲ್ಕೈದು ಜನ ಡಾಕ್ಟರು, ಒಂದಿಬ್ಬರು ರಿಟೈರ್ ಆದ ಬ್ಯಾಂಕಿನವರು. ಕೋಟು ಹಾಕಿದ್ದ ಹುಡುಗ ಚೆನ್ನಾಗಿಯೇ ಶುರು ಮಾಡಿದ. ಫಿನ್‌ಲ್ಯಾಂಡಿನ ಉತ್ತರದ ಲ್ಯಾಪ್‌ಲ್ಯಾಂಡ್ ಪ್ರಾಂತ್ಯ ಸುಮಾರು 1 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ. ಜನ 1.8 ಲಕ್ಷವೂ ಇಲ್ಲ. ನಮ್ಮ ಶಿವಮೊಗ್ಗ ಜಿಲ್ಲೆ 8,477 ಚದರ ಕಿಲೋಮೀಟರ್, 2011ರ ಗಣತಿಯಲ್ಲೇ 17.5 ಲಕ್ಷ ಜನ. ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ, ಕೆಲಸಕ್ಕೆ ಯಾರು ಸಿಗ್ತಾರೆ ಹಾಗಾದ್ರೆ’ ಅಂದರು. ಇಡೀ ಸೆಮಿನಾರಿನಲ್ಲಿ ಕೇಳಿದ ಅತ್ಯಂತ ಬುದ್ಧಿವಂತ ಪ್ರಶ್ನೆ ಅದೇ. ಹುಡುಗ ನಕ್ಕು ಮುಂದಿನ ಸ್ಲೈಡಿಗೆ ಹೋದ.

ಎರಡನೇ ಪ್ರಶ್ನೆ ಕೊಪ್ಪ ಕಡೆಯ ಹಿರಿಯರೊಬ್ಬರದು. ‘ಅಲ್ಲಿ ಮಂಗನ ಕಾಟ ಇದೆಯಾ?’ ಇಲ್ಲ ಸರ್, ಯುರೋಪಿನ ಉತ್ತರದಲ್ಲಿ ಮಂಗವೇ ಇಲ್ಲ ಅಂದ. ನಾನು ಸುಳ್ಳು ಹೇಳುತ್ತಿಲ್ಲ, ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದವರೆಲ್ಲ ನೆಟ್ಟಗೆ ಕೂತರು. ಏಲಕ್ಕಿ, ಬಾಳೆ, ಎಳನೀರು ಯಾವುದನ್ನೂ ಉಳಿಸಿಕೊಳ್ಳಲಾಗದೆ ಸೋತವರಿಗೆ ಮಂಗ ಇಲ್ಲದ ದೇಶ ಅಂದರೆ ಸ್ವರ್ಗವೇ ತಾನೇ. (ಅಲ್ಲಿ ಎಳೆ ಪೈನ್ ಸಸಿಗಳನ್ನು ಮೂಸ್ ಅನ್ನುವ ದೊಡ್ಡ ಕಡವೆ ಜಾತಿಯ ಪ್ರಾಣಿ ಮೇಯ್ದು ಹಾಕುತ್ತದೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಎಲ್ಲ ಊರಿಗೂ ಅದರದರ ಮಂಗ ಇರುತ್ತದೆ.)

ನಾಲ್ಕು ಅವಕಾಶ ತೋರಿಸಿದರು. ಕಾಡಿನ ಜಾಗ, ಹಿಮಸಾರಂಗದ ಫಾರ್ಮಿನಲ್ಲಿ ಪಾಲು, ಕಾಡುಹಣ್ಣಿನ ವ್ಯಾಪಾರ, ಗಾಜಿನ ಸೂರಿನ ಕಾಟೇಜು. ಒಂದೊಂದರದ್ದೂ ಒಂದು ಕಥೆ.

ಹಿಮಸಾರಂಗದ್ದು ಬೇಗ ಮುಗಿಸುತ್ತೇನೆ. ಫಿನ್‌ಲ್ಯಾಂಡಿನಲ್ಲಿ ಸುಮಾರು 2 ಲಕ್ಷ ಹಿಮಸಾರಂಗ ಇವೆ, ಒಂದೊಂದರ ಕಿವಿಗೂ ಮಾಲೀಕನ ಗುರುತಿನ ಕಚ್ಚು ಹಾಕಿರುತ್ತಾರೆ. ಇಟ್ಟುಕೊಳ್ಳಬೇಕಾದರೆ ಆ ಪ್ರದೇಶದಲ್ಲೇ ವಾಸ ಇರಬೇಕು, ಯುರೋಪಿಯನ್ ಆರ್ಥಿಕ ವಲಯದ ದೇಶದ ಪ್ರಜೆಯಾಗಿರಬೇಕು, ಊರಿನ ಸಾರಂಗ ಸಂಘದ ಸದಸ್ಯನಾಗಿರಬೇಕು. ಸ್ವೀಡನ್ನಿನಲ್ಲಂತೂ ಅದು ಅಲ್ಲಿನ ಮೂಲನಿವಾಸಿ ಸಾಮಿ ಜನರ ಹಕ್ಕು. ತೀರ್ಥಹಳ್ಳಿಯಲ್ಲಿ ಕೂತು ಇದರಲ್ಲಿ ಪಾಲು ತೆಗೆದುಕೊಳ್ಳುವುದು ಹೇಗೆ ಎಂದು ಕೇಳಿದರೆ ‘ಸ್ಟ್ರಕ್ಚರ್ ಮಾಡಬಹುದು ಸರ್’ ಎನ್ನುತ್ತಾರೆ. ಸ್ಟ್ರಕ್ಚರ್ ಅನ್ನೋ ಪದ ಬಂದ ಕೂಡಲೇ ಎದ್ದು ಕಾಫಿ ಕುಡಿಯಲು ಹೋಗಬೇಕಿತ್ತು ನಾನು.

ಕಾಡುಹಣ್ಣಿನದ್ದು ನಿಜಕ್ಕೂ ಆಸಕ್ತಿಯ ವಿಷಯ, ಅದನ್ನು ಅವರೇ ಸರಿಯಾಗಿ ಹೇಳಲಿಲ್ಲ. ಅಲ್ಲಿ ಕಾಡು ಯಾರದ್ದೇ ಆಗಿರಲಿ, ಮನೆಯಂಗಳ, ಬೆಳೆ ಇರುವ ಹೊಲ ಬಿಟ್ಟು ಉಳಿದ ಕಡೆ ಯಾರು ಬೇಕಾದರೂ ಓಡಾಡಬಹುದು, ಬ್ಲೂಬೆರಿ, ಲಿಂಗನ್‌ಬೆರಿ, ಅಣಬೆ ಕೊಯ್ದುಕೊಳ್ಳಬಹುದು. ಯಾರಪ್ಪಣೆಯೂ ಬೇಡ. ಫಿನ್‌ಲ್ಯಾಂಡಿನಲ್ಲಿ ಹಾಗೆ ಕೊಯ್ದು ಮಾರಿದವರಿಗೆ ಆ ದುಡ್ಡಿನ ಮೇಲೆ ತೆರಿಗೆಯೂ ಇಲ್ಲ. ನಮ್ಮಲ್ಲಿ ಕಾಡಿನ ಉಪ್ಪಾಗೆ, ಮುರುಗಲು ಹಣ್ಣು ಆರಿಸಬೇಕಾದರೆ ಟೆಂಡರು, ಗುತ್ತಿಗೆದಾರ, ಗಾರ್ಡು ಎಲ್ಲ ನೆನಪಾಗುತ್ತದೆ ಅಲ್ವಾ. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲಿ ಒಣಗಿದ ದರಗೆಲೆ ಗುಡಿಸಲೂ ಅಕ್ಕಪಕ್ಕದವರ ಮುಖ ನೋಡಬೇಕು. ಹಾಗಾಗಿ ಇದನ್ನು ಕೇಳಿದಾಗ ನನಗೆ ಒಂಥರಾ ಹೊಟ್ಟೆಕಿಚ್ಚೇ ಆಯಿತು. ಆದರೆ ಬಿಸಿನೆಸ್ ಅಂತ ನೋಡಿದರೆ ಕಾಡು ಎಲ್ಲರಿಗೂ ತೆರೆದಿರುವಾಗ ಜಾಗ ಕೊಂಡವನಿಗೆ ಹಣ್ಣಿನಿಂದ ಏನು ವಿಶೇಷ ಲಾಭ? ನಿಮ್ಮ ಜಾಗದ ಹಣ್ಣನ್ನು ನಿಮಗಿಂತ ಮೊದಲು ಎದ್ದವನು ಕೊಯ್ದುಕೊಂಡು ಹೋಗುತ್ತಾನೆ, ಕಾನೂನು ಅವನ ಕಡೆಗೇ ಇರುತ್ತದೆ. ದುಡ್ಡು ಇರುವುದು ಹಣ್ಣು ಸಂಗ್ರಹಿಸಿ, ಫ್ರೀಜ್ ಮಾಡಿ, ಮಾರುವ ಕಂಪನಿಗಳಿಗೆ. ಕೊಯ್ಯಲು ಥಾಯ್ಲೆಂಡಿನಿಂದ ಸೀಸನ್ನಿಗೆ ಜನ ಬರುತ್ತಾರೆ. ಥಾಯ್ಲೆಂಡಿನಿಂದ! ಹಿಂದಿನ ಸಾಲಿನವರ ಪ್ರಶ್ನೆಗೆ ಉತ್ತರ ಇದೇ ಇತ್ತು, ಸ್ಲೈಡಿನಲ್ಲಿ ಮಾತ್ರ ಇರಲಿಲ್ಲ.

ಕಾಡಿನ ಜಾಗದ ಸ್ಲೈಡು ಬಂದಾಗ ಎಲ್ಲರೂ ಫೋಟೋ ತೆಗೆದುಕೊಂಡರು. ಫಿನ್‌ಲ್ಯಾಂಡಿನ ನೆಲದ ಮುಕ್ಕಾಲು ಭಾಗ ಕಾಡು, ಅದರಲ್ಲಿ ಸುಮಾರು 60% ಸಾಮಾನ್ಯ ಕುಟುಂಬಗಳ ಹೆಸರಿನಲ್ಲಿದೆ. ಇದು ನಿಜ, ನಮ್ಮವರಿಗೆ ನಂಬಲು ಕಷ್ಟ. ಕಾಡು ಅಂದರೆ ನಮಗೆ ಅರಣ್ಯ ಇಲಾಖೆ, ಅಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬರುವ ಆಸ್ತಿ. ಕಡಿದ ಮೇಲೆ ಮತ್ತೆ ಬೆಳೆಸಲೇಬೇಕು ಅನ್ನೋದು ಕಾನೂನು. ಹೇಳದೆ ಬಿಟ್ಟದ್ದು ಎರಡು. ಲ್ಯಾಪ್‌ಲ್ಯಾಂಡಿನಲ್ಲಿ ಕಾಡಿನ ದೊಡ್ಡ ಪಾಲು ಸರ್ಕಾರದ್ದು, ಆ 60% ಲೆಕ್ಕ ಇಡೀ ದೇಶದ್ದು. ಇನ್ನೊಂದು, ಅಷ್ಟು ಉತ್ತರದಲ್ಲಿ ಪೈನ್ ಮರ ಕಡಿಯುವಷ್ಟು ಬೆಳೆಯಲು ನೂರು ವರ್ಷ ದಾಟುತ್ತದೆ. ನಾವು ಅಕೇಶಿಯಾ ಏಳೆಂಟು ವರ್ಷಕ್ಕೆ ಕಡಿದು ಅಭ್ಯಾಸ ಇರುವವರು. ಅಡಿಕೆ ಸಸಿ ನೆಟ್ಟು ಆರು ವರ್ಷ ಕಾಯುವುದೇ ಅಸಾಧ್ಯ ಅನ್ನಿಸುತ್ತದೆ. ನೂರು ವರ್ಷ ಅಂದರೆ ನೀವು ನೆಟ್ಟಿದ್ದನ್ನು ನಿಮ್ಮ ಮರಿಮಗ ಕಡಿಯಬೇಕು, ಅವನಿಗೆ ಆಗ ವೀಸಾ ಇರಬೇಕು.

ಈಗ ದೊಡ್ಡ ವಿಷಯ. ಯುರೋಪಿಯನ್ ಆರ್ಥಿಕ ವಲಯದ ಹೊರಗಿನವರು ಫಿನ್‌ಲ್ಯಾಂಡಿನಲ್ಲಿ ಜಮೀನು, ಮನೆ ಕೊಳ್ಳಬೇಕಾದರೆ 2020ರ ಜನವರಿಯಿಂದ ಅಲ್ಲಿನ ರಕ್ಷಣಾ ಸಚಿವಾಲಯದ ಅನುಮತಿ ಬೇಕು. ರಕ್ಷಣಾ ಸಚಿವಾಲಯ! ಸರ್ವೆ ಆಫೀಸಿಗೆ ಅಲೆದು ಸುಸ್ತಾದ ನಮಗೆ ಇದು ಹೊಸ ಮಟ್ಟ. ಹೌಸಿಂಗ್ ಕಂಪನಿಯ ಶೇರಿನ ರೂಪದಲ್ಲಿ ಬರುವ ಅಪಾರ್ಟ್‌ಮೆಂಟಿಗೆ ಇದು ಬೇಡ, ನೆಲಕ್ಕೆ ಬೇಕು. ಸೆಮಿನಾರಿನಲ್ಲಿ ಈ ಬಗ್ಗೆ ಒಂದು ಮಾತೂ ಬರಲಿಲ್ಲ. ಜಾಗ ಕೊಂಡರೆ ಅಲ್ಲಿ ವಾಸಕ್ಕೆ ಪರವಾನಗಿ ಸಿಗುತ್ತದೆ ಅನ್ನುವ ಹಾಗೆ ಮಾತಾಡಿದರು. ಅದೂ ಇಲ್ಲ. ಫಿನ್‌ಲ್ಯಾಂಡಿನಲ್ಲಿ ಆಸ್ತಿ ಕೊಂಡ ಮಾತ್ರಕ್ಕೆ ವಾಸದ ಹಕ್ಕು ಬರುವುದಿಲ್ಲ. ಉದ್ಯಮಿ ಅಂತ ಪರವಾನಗಿ ಕೇಳಬೇಕಾದರೆ ನೀವೇ ಅಲ್ಲಿ ಆ ಕೆಲಸ ಮಾಡಬೇಕು, ಅದರಿಂದ ನಿಮ್ಮ ಜೀವನ ನಡೆಯುತ್ತದೆ ಎಂದು ತೋರಿಸಬೇಕು.

ಇದನ್ನೆಲ್ಲ ನನಗೆ ಹೇಳಿದ್ದು ತಂಗಿಯ ಮಗ. ಅವನು ಫಿನ್‌ಲ್ಯಾಂಡಿನ ಔಲು ಊರಿನಲ್ಲಿ ಎಂ.ಎಸ್ ಓದುತ್ತಿದ್ದಾನೆ, ಹೋದ ಚಳಿಗಾಲ ಲ್ಯಾಪ್‌ಲ್ಯಾಂಡಿನ ರೊವಾನಿಯೆಮಿಯ ಒಂದು ಹೋಟೆಲಿನಲ್ಲಿ ಬಿಡುವಿನ ದಿನಗಳಲ್ಲಿ ಕೆಲಸ ಮಾಡಿದ್ದ. ದುಡ್ಡು ಕಟ್ಟಿ ಆದ ಮೇಲೆ ಅವನಿಗೆ ಫೋನ್ ಮಾಡಿದೆ, ಅದೇ ನನ್ನ ತಪ್ಪು. ‘ಮಾವ, ಕಟ್ಟೋಕೆ ಮುಂಚೆ ಒಂದು ಫೋನ್ ಮಾಡಬಾರದಿತ್ತಾ’ ಅಂದ. ನನ್ನ ತಂಗಿಯ ಮಗ ಆದ್ದರಿಂದ ಅಷ್ಟಕ್ಕೇ ಬಿಟ್ಟ.

ಊಟದ ವಿಷಯ ಹೇಳಿಬಿಡುತ್ತೇನೆ. ಅಕ್ಕಿರೊಟ್ಟಿ, ಕಳಲೆ ಪಲ್ಯ, ಸೌತೆಕಾಯಿ ಮಜ್ಜಿಗೆಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಕಳಲೆಯನ್ನು ಸರಿಯಾಗಿ ನೆನೆಹಾಕಿದ್ದರು, ಕಹಿ ಇರಲಿಲ್ಲ. ಹೋಟೆಲಿನಲ್ಲಿ ಇಂಥ ಊಟ ಸಿಗುವುದು ಅಪರೂಪ.

ಊಟದ ಸರದಿಯಲ್ಲಿ ನಿಂತಾಗ ಸಾಗರ ಕಡೆಯವರೊಬ್ಬರು ನನ್ನ ಹಿಂದೆ ಇದ್ದರು. ಅವರು ಬೆಳಗ್ಗೆ ಒಂದು ಚಿತ್ರ ನೋಡಿ ಸುಮ್ಮನಾಗಿಬಿಟ್ಟಿದ್ದರು. ‘ಅಪ್ಪಟ ಪ್ರಕೃತಿ, ಶಾಂತ ಸರೋವರ’ ಎಂದು ತೋರಿಸಿದ ಚಿತ್ರ ಅದು. ‘ಅದು ಕೆರೆ ಅಲ್ಲ ಮಾರಾಯ್ರೇ, ಹಿನ್ನೀರು. ದಡದಲ್ಲಿ ಒಣ ಬೊಡ್ಡೆ ನಿಂತಿದ್ದು ನೋಡಲಿಲ್ವಾ? ನಾನು ಹುಟ್ಟಿದ್ದೇ ಮುಳುಗಡೆ ಮನೆಯವರ ಹೊಟ್ಟೇಲಿ, ನನಗೆ ಗೊತ್ತಾಗೋದಿಲ್ವಾ’ ಅಂದರು. ಸ್ಲೈಡಿನ ಮೂಲೆಯಲ್ಲಿ ಸಣ್ಣದಾಗಿ ಹೆಸರು ಇತ್ತು, ಲೊಕ್ಕಾ. ಮನೆಗೆ ಬಂದು ಹುಡುಕಿದೆ. ಅವರು ಹೇಳಿದ್ದು ಸರಿ. ಲೊಕ್ಕಾ 1967ರಲ್ಲಿ ಕರೆಂಟಿಗಾಗಿ ಕಟ್ಟಿದ ಜಲಾಶಯ, ಫಿನ್‌ಲ್ಯಾಂಡಿನಲ್ಲೇ ದೊಡ್ಡದು. ಅದಕ್ಕಾಗಿ ಹಳ್ಳಿಗಳು ಮುಳುಗಿದವು, ಹಿಮಸಾರಂಗದ ಮೇವಿನ ನೆಲ ಮುಳುಗಿತು, ಜನ ಎದ್ದು ಹೋದರು. ನಮ್ಮ ಲಿಂಗನಮಕ್ಕಿ 1964ರದು. ಮೂರೇ ವರ್ಷದ ಅಂತರ. ಸೆಮಿನಾರಿನವರಿಗೆ ಇದು ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು, ಆದರೆ ಶಿವಮೊಗ್ಗದಲ್ಲಿ ನಿಂತು ಹಿನ್ನೀರನ್ನು ಸರೋವರ ಅನ್ನುವಾಗ ಸ್ವಲ್ಪ ಎಚ್ಚರ ಬೇಕು.

ಮಧ್ಯಾಹ್ನ ಸ್ವೀಡನ್ ಉತ್ತರದ ಬಗ್ಗೆ ಇತ್ತು. ಕಿರುನಾ ಎಂಬ ಊರು, ಕೆಳಗೆ ಕಬ್ಬಿಣದ ಅದಿರಿನ ಗಣಿ. ಗಣಿ ಅಗೆದು ಅಗೆದು ಮೇಲಿನ ನೆಲ ಬಿರಿಯುತ್ತಿದೆ, ಅದಕ್ಕೇ ಊರನ್ನೇ ಪಕ್ಕಕ್ಕೆ ಸರಿಸುತ್ತಿದ್ದಾರೆ. 2025ರ ಆಗಸ್ಟಿನಲ್ಲಿ 672 ಟನ್ ತೂಕದ ಮರದ ಚರ್ಚನ್ನು ಹಾಗೇ ಎತ್ತಿ, ಚಕ್ರದ ಮೇಲಿಟ್ಟು, ಎರಡು ದಿನದಲ್ಲಿ 5 ಕಿಲೋಮೀಟರ್ ಸಾಗಿಸಿದರು. ಆ ವಿಡಿಯೋ ಹಾಕಿದಾಗ ಚಪ್ಪಾಳೆ ಬಿತ್ತು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತ ಮೇಲೆ ಆ ಊರು ಹೇಗಾಯಿತು ಎಂದು ನೋಡಿದವರು ನಮ್ಮಲ್ಲಿ ಇದ್ದರು, ಅವರು ಚಪ್ಪಾಳೆ ಹೊಡೆಯದೆ ಮುಖ ಮುಖ ನೋಡಿಕೊಂಡರು. ನಂತರದ ಸ್ಲೈಡಿನಲ್ಲಿ ಶೆಲೆಫ್ಟಿಯೋ ಊರಿನ ಬ್ಯಾಟರಿ ಕಾರ್ಖಾನೆ, ನಾರ್ತ್‌ವೋಲ್ಟ್. ‘ಹಳ್ಳಿಗಾಡಿನಲ್ಲಿ ಸಾವಿರಾರು ಕೆಲಸ ಸೃಷ್ಟಿಸಿದ ಯಶೋಗಾಥೆ’ ಎಂದು ಬರೆದಿತ್ತು. ಆ ಕಂಪನಿ 2025ರ ಮಾರ್ಚಿನಲ್ಲೇ ದಿವಾಳಿ ಅರ್ಜಿ ಹಾಕಿತ್ತು. ನಾವು ಕೂತಿದ್ದು ಸೆಪ್ಟೆಂಬರಿನಲ್ಲಿ. ರಿಟೈರ್ ಆದ ಬ್ಯಾಂಕಿನವರೊಬ್ಬರು ಮೊಬೈಲಿನಲ್ಲಿ ಸುದ್ದಿ ತೆಗೆದು ತೋರಿಸಿದ ಮೇಲೆ ‘ಹೌದು ಸರ್, ಸ್ಲೈಡ್ ಅಪ್‌ಡೇಟ್ ಮಾಡ್ತೀವಿ’ ಅಂದರು. 3,500 ರೂಪಾಯಿ ತೆಗೆದುಕೊಳ್ಳುವವರು ಆರು ತಿಂಗಳ ಹಳೆಯ ಪೇಪರಾದರೂ ಓದಬೇಕಪ್ಪ.

ನ್ಯಾಯವಾಗಿ ಹೇಳಬೇಕಾದರೆ ಆ ಪ್ರದೇಶದಲ್ಲಿ ದುಡ್ಡು ಓಡಾಡುತ್ತಿಲ್ಲ ಎಂದಲ್ಲ. ಸ್ವೀಡನ್ನಿನ ಲುಲಿಯೋದಲ್ಲಿ ಫೇಸ್‌ಬುಕ್ 2013ರಿಂದ ಡೇಟಾ ಸೆಂಟರ್ ನಡೆಸುತ್ತಿದೆ. ಹೊರಗಿನ ತಣ್ಣನೆ ಗಾಳಿ ಪುಕ್ಕಟೆ, ನದಿಯ ಕರೆಂಟು ಪಕ್ಕದಲ್ಲೇ. ಫಿನ್‌ಲ್ಯಾಂಡಿನ ಕೆಮಿಯಲ್ಲಿ 2021ರಲ್ಲಿ ದೊಡ್ಡ ಕಾಗದದ ಕಾರ್ಖಾನೆ ಮುಚ್ಚಿತು, 2023ರಲ್ಲಿ ಅದೇ ಊರಿನಲ್ಲಿ ಸುಮಾರು 200 ಕೋಟಿ ಯೂರೋ ಖರ್ಚಿನ ಹೊಸ ಮರದ ತಿರುಳಿನ ಕಾರ್ಖಾನೆ ಶುರುವಾಯಿತು. ಕಟ್ಟಿದ್ದು ಮೆಟ್ಸಾ ಗುಂಪು. ಅದರ ಹಿಂದೆ ಇರುವುದು ಸುಮಾರು 90,000 ಕಾಡಿನ ಮಾಲೀಕರ ಸಹಕಾರ ಸಂಘ. ನಮ್ಮ ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್ಕೋಸ್ ದೊಡ್ಡದಾಗಿ ಬೆಳೆದು ಕಾರ್ಖಾನೆ ಕಟ್ಟಿದ ಹಾಗೆ ಅಂದುಕೊಳ್ಳಿ. ಭದ್ರಾವತಿಯ ಕಾಗದ ಕಾರ್ಖಾನೆಯ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಈಗ ನನಗೆ ಕೆಮಿ ನೆನಪಾಗುತ್ತದೆ. ಇದನ್ನು ಸೆಮಿನಾರಿನಲ್ಲಿ ಹೇಳಿದ್ದರೆ ಇನ್ನೊಂದು ಸ್ಟಾರ್ ಕೊಡುತ್ತಿದ್ದೆ, ಇದೂ ನಾನೇ ಓದಿಕೊಂಡದ್ದು.

ಇನ್ನು ಆ ವಿಡಿಯೋ. ಕೊನೆಗೆ ಹತ್ತು ನಿಮಿಷ ‘ಅಲ್ಲಿಂದಲೇ ನೇರವಾಗಿ’ ಎಂದು ಲ್ಯಾಪ್‌ಲ್ಯಾಂಡಿನಲ್ಲಿ ಆರು ಕಾಟೇಜು ನಡೆಸುವ ಒಬ್ಬ ಹೆಣ್ಣುಮಗಳನ್ನು ತೋರಿಸಿದರು. ಐವತ್ತು ದಾಟಿದ ವಯಸ್ಸು, ಉಣ್ಣೆಯ ಟೋಪಿ, ಹಿಂದೆ ಸೌದೆ ಒಟ್ಟಿದ ಗೋಡೆ. ಆ ಒಟ್ಟಲು ನೋಡಿಯೇ ನನಗೆ ನಂಬಿಕೆ ಬಂತು. ಮಳೆಗಾಲಕ್ಕೆ ಮುಂಚೆ ನಮ್ಮ ಕೊಟ್ಟಿಗೆ ಮಾಡಿನ ಕೆಳಗೆ ಅಮ್ಮ ಒಟ್ಟಿಸುತ್ತಿದ್ದದ್ದೂ ಹಾಗೇ, ಬುಡದ ದಪ್ಪ ತುಂಡು ಕೆಳಗೆ, ಸೀಳು ಮೇಲೆ. ಆಕೆ ಸರಳ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಡಿಸೆಂಬರಿನಲ್ಲಿ ಎಲ್ಲರೂ ಬರುತ್ತಾರೆ, ಸಾಂಟಾ ನೋಡಲು, ಹಿಮ ನೋಡಲು. ಆಗ ನೋಡಿ ಜಾಗ ಕೊಳ್ಳಬೇಡಿ. ಒಂದು ನವೆಂಬರ್ ಇಲ್ಲಿ ಇರಿ. ಹಿಮ ಇನ್ನೂ ಸರಿಯಾಗಿ ಬಿದ್ದಿರುವುದಿಲ್ಲ, ಬಿಸಿಲು ಇರುವುದಿಲ್ಲ, ಗಿರಾಕಿ ಇರುವುದಿಲ್ಲ, ಎಲ್ಲ ಕಪ್ಪು ಮತ್ತು ಒದ್ದೆ. ಆ ತಿಂಗಳು ನಿಮಗೆ ಹಿಡಿಸಿದರೆ ಆಮೇಲೆ ಮಾತಾಡೋಣ.

ಕೋಟಿನ ಹುಡುಗನ ಮುಖ ಸಣ್ಣದಾಯಿತು. ಬೇಗ ಧನ್ಯವಾದ ಹೇಳಿ ಲೈನ್ ಕಟ್ ಮಾಡಿದರು.

ಆಕೆ ಹೇಳಿದ್ದು ನನಗೆ ಅರ್ಥವಾದಷ್ಟು ಹಾಲಿನಲ್ಲಿ ಇನ್ಯಾರಿಗಾದರೂ ಆಯಿತೋ ಇಲ್ಲವೋ. ನಮ್ಮ ತೋಟದ ಪಕ್ಕದ ಜಾಗವನ್ನು ಆರು ವರ್ಷದ ಹಿಂದೆ ಬೆಂಗಳೂರಿನ ಒಬ್ಬರು ಕೊಂಡರು. ನೋಡಲು ಬಂದದ್ದು ಡಿಸೆಂಬರಿನಲ್ಲಿ. ಬೆಳಗ್ಗೆ ಮಂಜು, ಎಳೆ ಬಿಸಿಲು, ಅಂಗಳದಲ್ಲಿ ಅಡಿಕೆ ಹರಡಿತ್ತು. ‘ಪ್ಯಾರಡೈಸ್’ ಅಂದರು. ಹೋಂಸ್ಟೇ ಕಟ್ಟಿದರು, ಬಾತ್‌ರೂಮಿಗೆ ಗಾಜಿನ ಗೋಡೆ ಹಾಕಿಸಿದರು. ಮುಂದಿನ ಜುಲೈನಲ್ಲಿ ಬಂದು ಇದ್ದರು. ಎಂಟನೇ ದಿನ ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ಕಾಲಿನ ತುಂಬ ಇಂಬಳ, ಚರ್ಮದ ಸೋಫಾದ ಮೇಲೆ ಹಸಿರು ಬೂಷ್ಟು. ಒಂಬತ್ತನೇ ದಿನ ಕೀಲಿಕೈ ನನ್ನ ಕೈಗೆ ಕೊಟ್ಟು ‘ಸ್ವಲ್ಪ ನೋಡ್ಕೊಳ್ಳಿ’ ಎಂದು ಹೋದರು. ಆ ಕೀಲಿ ಇವತ್ತಿಗೂ ನಮ್ಮ ಮನೆಯ ಮೊಳೆಗೆ ನೇತಾಡುತ್ತಿದೆ. ಸೋಫಾದಲ್ಲಿ ಬೆಕ್ಕು ಮರಿ ಹಾಕಿದೆ.

ಅವರನ್ನು ನೋಡಿ ಎಷ್ಟು ನಕ್ಕಿದ್ದೇನೆ ನಾನು. ಈಗ ಹಾಲಿನಲ್ಲಿ ಕೂತು ಹಸಿರು ಆಕಾಶದ ಫೋಟೋ ನೋಡಿ 25,000 ಕಟ್ಟಿದ ನಾನೂ ಅವರೇ. ಅಲ್ಲಿನವರಿಗೆ ನಾನೇ ಬೆಂಗಳೂರಿನವನು.

ತಂಗಿ ಮಗನೂ ಇದನ್ನೇ ಬೇರೆ ರೀತಿ ಹೇಳಿದ. ರೊವಾನಿಯೆಮಿಯಲ್ಲಿ ಡಿಸೆಂಬರ್ ಕೊನೆಗೆ ಹಗಲು ಎರಡು ಗಂಟೆ ಚಿಲ್ಲರೆ, ಇನ್ನೂ ಉತ್ತರಕ್ಕೆ ಉಟ್ಸ್‌ಯೋಕಿಗೆ ಹೋದರೆ ಸುಮಾರು 50 ದಿನ ಸೂರ್ಯ ಹುಟ್ಟುವುದೇ ಇಲ್ಲ. ಮೈನಸ್ 30 ಅಪರೂಪವಲ್ಲ. ಅಷ್ಟರಲ್ಲೂ ಊರು ಪ್ರವಾಸಿಗಳಿಂದ ತುಂಬಿ ತುಳುಕುತ್ತದೆ, ಅಪಾರ್ಟ್‌ಮೆಂಟುಗಳನ್ನು ದಿನಬಾಡಿಗೆಗೆ ಬಿಡುವವರು ಜಾಸ್ತಿಯಾಗಿ ಅಲ್ಲಿನವರಿಗೇ ಬಾಡಿಗೆ ಮನೆ ಸಿಗುತ್ತಿಲ್ಲ ಎಂದು ಸ್ಥಳೀಯರು ಬೀದಿಗಿಳಿದು ಪ್ರತಿಭಟನೆಯನ್ನೂ ಮಾಡಿದ್ದಾರೆ. ‘ಒಳ್ಳೇದು ಏನೂ ಇಲ್ವೇನೋ ಅಲ್ಲಿ’ ಎಂದು ಕೇಳಿದೆ. ‘ಸೌನಾ ಇದೆ ಮಾವ, ಬಿಸಿ ಹಬೆಯ ಕೋಣೆ. ನಮ್ಮ ಅಜ್ಜಿ ಮನೆ ಬಚ್ಚಲು ಹಂಡೆ ಒಲೆ ಮುಂದೆ ಕೂತ ಹಾಗೇ ಇರುತ್ತೆ, ಹೊಗೆ ಒಂದು ಕಡಿಮೆ’ ಅಂದ. ಐವತ್ತಾರು ಲಕ್ಷ ಜನರಿಗೆ ಮೂವತ್ತು ಲಕ್ಷದಷ್ಟು ಸೌನಾ ಇದೆಯಂತೆ ಆ ದೇಶದಲ್ಲಿ. ಆ ಲೆಕ್ಕ ಮಾತ್ರ ನನಗೆ ತುಂಬ ಇಷ್ಟವಾಯಿತು.

ಈಗ 25,000ದ ರಿಪೋರ್ಟ್. ಮೂರು ವಾರ ತಡವಾಗಿ ಇಮೇಲಿನಲ್ಲಿ ಬಂತು. 38 ಪುಟ, ಅದರಲ್ಲಿ 11 ಪುಟ ಬರೀ ಫೋಟೋ. ನನಗಾಗಿಯೇ ತಯಾರಿಸಿದ್ದು ಎಂದಿದ್ದರಲ್ಲ, 22ನೇ ಪುಟದಲ್ಲಿ ‘ತಮ್ಮ ಹೈದರಾಬಾದಿನ ಆಸ್ಪತ್ರೆ ವ್ಯವಹಾರದ ಹಿನ್ನೆಲೆಯಲ್ಲಿ’ ಎಂದು ಬರೆದಿದೆ. ನನ್ನ ಹತ್ತಿರ ಇರುವುದು ಎರಡು ರೂಮು, ಒಂದು ಜರ್ಸಿ ಹಸು. ಕಾಟೇಜಿನ ಲಾಭದ ಲೆಕ್ಕದಲ್ಲಿ ವರ್ಷದ 365 ದಿನಕ್ಕೂ 70% ರೂಮು ತುಂಬುತ್ತದೆ ಎಂದು ಹಾಕಿದ್ದಾರೆ, ನವೆಂಬರಿಗೂ ಸೇರಿಸಿ. ಹೋಂಸ್ಟೇ ನಡೆಸುವ ಯಾರಿಗೇ ತೋರಿಸಿ, ಅಲ್ಲೇ ಮಡಚಿ ಇಡುತ್ತಾರೆ. ರೂಮು ಬಿಸಿ ಮಾಡುವ ಖರ್ಚು, ಹಿಮ ಗುಡಿಸುವವರ ಸಂಬಳ ಎಲ್ಲೂ ಇಲ್ಲ. ಕಂಪನಿ ತೆರಿಗೆ 20% ಎಂದು ದಪ್ಪ ಅಕ್ಷರದಲ್ಲಿ ಇದೆ, ಅದು ಸರಿ. 2024ರ ಸೆಪ್ಟೆಂಬರಿನಿಂದ ಅಲ್ಲಿನ ಸಾಮಾನ್ಯ ವ್ಯಾಟ್ 25.5% ಆಗಿರುವುದು ಮಾತ್ರ ಎಲ್ಲೂ ಕಾಣಲಿಲ್ಲ.

ಇಲ್ಲಿಂದ ದುಡ್ಡು ಕಳಿಸುವ ಬಗ್ಗೆ ಒಂದೇ ಸಾಲು, ‘ಆರ್‌ಬಿಐ ನಿಯಮದಂತೆ ಸುಲಭ’. ತೀರ್ಥಹಳ್ಳಿಯ ನಮ್ಮ ಆಡಿಟರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ಒಬ್ಬ ವ್ಯಕ್ತಿ ವರ್ಷಕ್ಕೆ 2.5 ಲಕ್ಷ ಡಾಲರ್ ವರೆಗೆ ಕಳಿಸಬಹುದು, ಅದು ನಿಜ. ಹೂಡಿಕೆಗೆಂದು 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಟಿಸಿಎಸ್, ಅಂದರೆ ಮೊದಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ, ರಿಟರ್ನ್ ಹಾಕಿ ಅದನ್ನು ತೆರಿಗೆಗೆ ವಜಾ ಮಾಡಿಸಿಕೊಳ್ಳಬೇಕು ಅಥವಾ ವಾಪಸ್ ಪಡೆಯಬೇಕು. ನಮ್ಮವರಿಗೆ ಮುಖ್ಯವಾದ್ದು ಇನ್ನೊಂದು. ಅಡಿಕೆ ಆದಾಯ ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ ಎಂದು ಎಷ್ಟೋ ಜನ ರಿಟರ್ನನ್ನೇ ಹಾಕುವುದಿಲ್ಲ. ಹೊರದೇಶದಲ್ಲಿ ಆಸ್ತಿಯೋ ಶೇರೋ ಖಾತೆಯೋ ಒಂದು ಇದ್ದರೆ, ತೆರಿಗೆ ಬರುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ ಹಾಕಲೇಬೇಕು, ಅದನ್ನು ಅದರಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ 10 ಲಕ್ಷ ರೂಪಾಯಿ ದಂಡದ ಕಾನೂನಿದೆ. ಅಷ್ಟೊಂದು ಜನ ತೋಟದವರನ್ನು ಕೂರಿಸಿಕೊಂಡು ಹೇಳಬೇಕಾದ ಮೊದಲ ಮಾತು ಇದು. ಆಡಿಟರು ಇದನ್ನು ಹೇಳಲು ತೆಗೆದುಕೊಂಡದ್ದು ಐದು ನಿಮಿಷ ಮತ್ತು ಒಂದು ಕಾಫಿ.

ಒಂದು ಗಂಟೆಯ ವಿಡಿಯೋ ಮಾತುಕತೆ 26 ನಿಮಿಷಕ್ಕೆ ಮುಗಿಯಿತು. ರಕ್ಷಣಾ ಸಚಿವಾಲಯದ ಅನುಮತಿ ಯಾರು ಮಾಡಿಸಿಕೊಡುತ್ತೀರಿ ಎಂದು ಕೇಳಿದಾಗ ‘ಲೀಗಲ್ ಟೀಮ್ ಸಂಪರ್ಕಿಸುತ್ತಾರೆ’ ಅಂದರು. ಯಾರೂ ಸಂಪರ್ಕಿಸಿಲ್ಲ.

ಯಾರಾದರೂ ಹೋಗಬಹುದಾ ಎಂದು ಕೇಳಿದರೆ, ಬರೀ ಸೆಮಿನಾರಿಗೆ ಹೋಗಿ, ಊಟ ಮಾಡಿ, ಆ ಹೆಣ್ಣುಮಗಳು ಬಂದರೆ ಆಕೆಯ ಮಾತು ಕೇಳಿ ಎದ್ದು ಬನ್ನಿ. ರಿಪೋರ್ಟಿಗೆ ದುಡ್ಡು ಕಟ್ಟಬೇಡಿ. ಆ ದೇಶದ ಬಗ್ಗೆ ನನಗೆ ಸಿಟ್ಟೇನಿಲ್ಲ, ಇನ್ನೂ ಆಸೆಯೇ ಇದೆ. ಮುಂದಿನ ನವೆಂಬರಿನಲ್ಲಿ ಹೋಗಿ ತಂಗಿ ಮಗನ ರೂಮಿನಲ್ಲಿ ಹತ್ತು ದಿನ ಇದ್ದು ಬರೋಣ ಎಂದುಕೊಂಡಿದ್ದೇನೆ, ಅದೂ ಅಡಿಕೆ ಕೊಯ್ಲು ಹೊಂದಿಸಿಕೊಂಡು.

ದುಡ್ಡಿನ ವಿಷಯ ಎಲ್ಲಿಗೆ ಬಂತು ಅಂದರೆ, ವಾಪಸ್ ಕೇಳಿ ನಾಲ್ಕು ಇಮೇಲ್ ಹಾಕಿದ ಮೇಲೆ ಹೋದ ವಾರ ಒಬ್ಬಳು ಹುಡುಗಿ ಫೋನ್ ಮಾಡಿದಳು. ಬಹಳ ಮರ್ಯಾದೆಯಿಂದ ಮಾತಾಡಿದಳು. ವಾಪಸ್ ಕೊಡುವ ಪದ್ಧತಿ ಇಲ್ಲ ಸರ್, ಬದಲಿಗೆ ನಮ್ಮ ನಾರ್ವೆ ಪ್ಯಾಕೇಜಿಗೆ ಅದನ್ನು ಹೊಂದಿಸಿಕೊಡುತ್ತೇವೆ, ಬೆರ್ಗೆನ್ ಸುತ್ತಮುತ್ತ ಒಳ್ಳೊಳ್ಳೆ ಜಾಗ ಇದೆ ಅಂದಳು. ಆಮೇಲೆ ಸ್ವಲ್ಪ ತಡೆದು, ‘ಆದ್ರೆ ಒಂದು ವಿಷಯ ಮೊದಲೇ ಹೇಳ್ತೀನಿ ಸರ್, ಅಲ್ಲಿ ಮಳೆ ತುಂಬಾ ಜಾಸ್ತಿ, ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೇಲೆ ಬರುತ್ತೆ. ನಿಮಗೆ ಅಭ್ಯಾಸ ಇದೆಯಾ?’ ಎಂದು ಕೇಳಿದಳು.

ನಾನು ಆಗ ಜಗಲಿಯಲ್ಲಿ ಕೂತಿದ್ದೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಹೊರಗೆ ಸುರಿಯುತ್ತಿದ್ದ ಸದ್ದಿಗೆ ಅವಳ ಮಾತು ಸರಿಯಾಗಿ ಕೇಳದೆ, ಎರಡು ಸಲ ಹೇಳಿಸಿಕೊಂಡೆ.